ಗಗನಮಾರ್ಗದಲ್ಲಿ ಮಾತಿನ ಹೊಣೆ

ಘಟ್ಟದ ದಾರಿಯಲ್ಲಿ ಎರಡು ವಾಹನಗಳು ಎದುರುಬದುರಾದಾಗ ಏರುವ ವಾಹನಕ್ಕೆ ಇಳಿಯುವ ವಾಹನವು ದಾರಿ ಬಿಡಬೇಕೆಂಬ ನಿಯಮವುಂಟು. ಸುಳ್ಯದಿಂದ ಸಂಪಾಜೆಯ ಮಾರ್ಗವಾಗಿ ಮಡಿಕೇರಿಗೆ ಹೋಗುವವರೂ, ಪುತ್ತೂರು ಕಡಬಗಳ ಕಡೆಯಿಂದ ಶಿರಾಡಿ ಘಟ್ಟವನ್ನೇರುವವರೂ ಇದನ್ನು ಬಲ್ಲರು. ತಿರುವಿನಾಚೆ ಕಾಣದ ವಾಹನವನ್ನು ಚಾಲಕನು ಹಾರನ್ನಿನ ಸದ್ದಿನಿಂದ ಅರಿತುಕೊಳ್ಳುತ್ತಾನೆ. ಆಕಾಶದಲ್ಲಿ ತಿರುವುಗಳಿಲ್ಲ, ಗುಡ್ಡದ ಮರೆಯಿಲ್ಲ. ಆದ್ದರಿಂದ ಅಲ್ಲಿ ವಿಮಾನಗಳು ಒಂದಕ್ಕೊಂದು ತಾಗುವ ಭಯವಿಲ್ಲವೆಂದು ಜನಸಾಮಾನ್ಯರು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ.

ಆಕಾಶವು ವಿಶಾಲವಾದರೂ ವಿಮಾನ ನಿಲ್ದಾಣದ ಸಮೀಪದಲ್ಲಿ ಅದು ಕಿರಿದಾಗುತ್ತದೆ. ನಾನಾ ದಿಕ್ಕುಗಳಿಂದ ಬರುವ ವಿಮಾನಗಳೆಲ್ಲವೂ ಕೊನೆಗೆ ಸೇರಬೇಕಾದುದು ಒಂದೆರಡು ರನ್‌ವೇಗಳನ್ನೇ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡ ಬಜ್ಪೆಯ ನಿಲ್ದಾಣವು ಈ ಸೀಮೆಯವರಿಗೆ ಪರಿಚಿತವಾದುದು. ಆದರೆ ಸಮಸ್ಯೆಯ ಸ್ವರೂಪವು ಬೆಂಗಳೂರಿನ ಉತ್ತರಭಾಗದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಜಕ್ಕೂರಿನ ವೈಮಾನಿಕ ತರಬೇತಿ ಕ್ಷೇತ್ರ, ಯಲಹಂಕದ ವಾಯುಪಡೆಯ ನೆಲೆ, 2008ರಲ್ಲಿ ಆರಂಭವಾದ ದೇವನಹಳ್ಳಿಯ ಅಂತರರಾಷ್ಟ್ರೀಯ ನಿಲ್ದಾಣ ಇವು ಮೂರೂ ಒಂದಕ್ಕೊಂದು ಸಮೀಪದಲ್ಲಿವೆ. ಅಭ್ಯಾಸಿಗಳ ಪುಟ್ಟ ವಿಮಾನಕ್ಕೂ ನೂರಾರು ಪ್ರಯಾಣಿಕರ ಭಾರೀ ವಿಮಾನಕ್ಕೂ ಗಾತ್ರದಲ್ಲಿ, ವೇಗದಲ್ಲಿ, ಉಪಕರಣಗಳಲ್ಲಿ ಅಜಗಜಾಂತರ. ಆಕಾಶವನ್ನು ಎತ್ತರದಿಂದಲೂ ಮೇರೆಗಳಿಂದಲೂ ವಿಭಾಗಿಸಿ, ವಾಯುಸಂಚಾರ ನಿಯಂತ್ರಕರ ಅಪ್ಪಣೆಯಿಂದ ಎಲ್ಲರನ್ನೂ ನಡೆಸುವುದು ಈ ಕಾರಣದಿಂದಲೇ.

ವಿಮಾನಯಾನದ ಮೊದಲ ದಿನಗಳಲ್ಲಿ, ನೋಡಿ ತಪ್ಪಿಸಿಕೊಳ್ಳುವುದೊಂದೇ ಪೈಲಟ್ಟಿಗೆ ವಿಧಿಸಿದ್ದ ಸೂತ್ರ. ಆದರೆ ಕಣ್ಣನ್ನು ನಂಬುವುದಕ್ಕೆ ಮಿತಿಯುಂಟು. ನೇರವಾಗಿ ಸಾಗುತ್ತ ಡಿಕ್ಕಿಯ ದಾರಿಯಲ್ಲಿ ಸಮೀಪಿಸುವ ವಿಮಾನವು ಗಾಜಿನಲ್ಲಿ ಅತ್ತಿತ್ತ ಸರಿಯುವುದೇ ಇಲ್ಲ. ಒಂದೇ ಎಡೆಯಲ್ಲಿ ಚುಕ್ಕೆಯಂತೆ ನಿಂತಿದ್ದು, ಕಟ್ಟಕಡೆಯ ಕ್ಷಣಗಳಲ್ಲಿ ಮಾತ್ರ ಥಟ್ಟನೆ ದೊಡ್ಡದಾಗುತ್ತದೆ. ಚಲಿಸುವುದನ್ನು ಗುರುತಿಸಬಲ್ಲ ಕಣ್ಣು ನಿಶ್ಚಲವಾದುದನ್ನು ಕಡೆಗಣಿಸುತ್ತದೆ. ಕೆಳಗೆ ಪಟ್ಟಣದ ಮನೆಮಾಡುಗಳ ಹಿನ್ನೆಲೆಯಿದ್ದರಂತೂ ಪುಟ್ಟ ವಿಮಾನವು ಅದರಲ್ಲಿ ಕರಗಿಹೋಗುತ್ತದೆ.

1978ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮೇಲೆ ನಡೆದುದು ಇದೇ. ತಿಳಿಯಾದ ಬೆಳಗು. ಇಳಿಯಲು ಬರುತ್ತಿದ್ದ ಬೋಯಿಂಗ್ 727 ವಿಮಾನಕ್ಕೆ ಮುಂದೆ ಸೆಸ್ನಾ 172 ಎಂಬ ತರಬೇತಿಯ ವಿಮಾನವಿರುವುದನ್ನು ನಿಯಂತ್ರಕರು ತಿಳಿಸಿದರು. ಕಂಡಿತೆಂದು ಪೈಲಟ್ಟರು ಉತ್ತರಿಸಿದರು. ಕಣ್ಣಿಟ್ಟು ದೂರ ಕಾಯ್ದುಕೊಳ್ಳುವ ಹೊಣೆ ಅವರದಾಯಿತು. ಅತ್ತ ಸೆಸ್ನಾ ತನಗೆ ಸೂಚಿಸಿದ ದಿಕ್ಕನ್ನು ಬಿಟ್ಟು ತಿರುಗಿತ್ತು. ಇತ್ತ ಪೈಲಟ್ಟರಿಗೆ ಅದು ಕಾಣದಾಯಿತು. ಅದು ಬಲಕ್ಕೆ ದಾಟಿತೆಂದು ತೋರುತ್ತದೆ ಎಂಬರ್ಥದ ಮಾತು ಅವರಿಂದ ಬಂದಿತು. ನಿಯಂತ್ರಕರ ಕಿವಿಗೆ ಅದು ದಾಟುತ್ತಿದೆ ಎಂದು ಕೇಳಿಸಿತು. ದಾಟುತ್ತಿದೆ ಎಂದರೆ ಕಣ್ಣೆದುರಿಗಿದೆ ಎಂದರ್ಥ. ದಾಟಿತೆಂದು ತೋರುತ್ತದೆ ಎಂದರೆ ಈಗ ಕಾಣುತ್ತಿಲ್ಲ ಎಂದರ್ಥ. ಕಾಣುತ್ತಿಲ್ಲವೆಂದು ಯಾರೂ ಬಿಚ್ಚಿ ಹೇಳಲಿಲ್ಲ. ಬೋಯಿಂಗ್ ಸೆಸ್ನಾದ ಮೇಲೆರಗಿತು. ನೆಲದ ಮೇಲಿದ್ದವರೂ ಸೇರಿ 144 ಮಂದಿ ಮಡಿದರು. ಭೂತಕಾಲಕ್ಕೂ ವರ್ತಮಾನಕ್ಕೂ ಇರುವ ಭೇದವು ಅಲ್ಲಿ ವ್ಯಾಕರಣದ ಪುಟದಲ್ಲಿ ಉಳಿದಿರಲಿಲ್ಲ.

ನಮ್ಮ ದೇಶದಲ್ಲಿಯೂ ಮಾತು ಮೀರಿದುದರ ಫಲವನ್ನು ಕಾಣಬಹುದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ಭಾರೀ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಅಸುನೀಗಿದರು. ದೆಹಲಿಗೆ ಬರುತ್ತಿದ್ದ ವಿಮಾನಕ್ಕೆ ಅಪ್ಪಣೆಯಾಗಿದ್ದ ಎತ್ತರ 15,000 ಅಡಿ, ಹೊರಟುದಕ್ಕೆ 14,000 ಅಡಿ. ಇಳಿಯುತ್ತಿದ್ದ ವಿಮಾನವು ತನ್ನ ಮೇರೆಯನ್ನು ಮೀರಿ ಕೆಳಗಿಳಿಯಿತು. ನ್ಯಾಯಮೂರ್ತಿ ಲಾಹೋಟಿಯವರು ಇದರ ವಿಚಾರಣೆ ನಡೆಸಿದರು. 2022ರ ಜನವರಿ 7ರಂದು ಬೆಂಗಳೂರಿನಲ್ಲಿ ಆದುದು ಇದಕ್ಕೆ ಬೇರೆಯಾದ ಬಗೆ. ಒಂದು ರನ್‌ವೇಯನ್ನು ನಿಲ್ಲಿಸುವ ತೀರ್ಮಾನವು ಅದರ ನಿಯಂತ್ರಕರಿಗೆ ತಲುಪಲಿಲ್ಲ. ಸಮಾನಾಂತರ ರನ್‌ವೇಗಳಿಂದ ಎರಡು ಪ್ರಯಾಣಿಕ ವಿಮಾನಗಳು ಏಕಕಾಲಕ್ಕೆ ಮೇಲೆದ್ದು ಪರಸ್ಪರ ಸಮೀಪಿಸಿದವು. ರೇಡಾರ್ ನೋಡುತ್ತಿದ್ದ ನಿಯಂತ್ರಕರು ಸಕಾಲದಲ್ಲಿ ಬೇರೆ ದಿಕ್ಕನ್ನು ಸೂಚಿಸಿದುದರಿಂದ 426 ಜೀವಗಳು ಉಳಿದವು. ಒಂದು ಮಾತು ಆಡದೆ ಹೋದುದು ಅಪಾಯವನ್ನು ತಂದಿತು. ಇನ್ನೊಂದು ಮಾತು ಅದನ್ನು ಕಳೆಯಿತು.

ಯಂತ್ರಗಳೂ ಈಗ ನೆರವಿಗಿವೆ. ದೊಡ್ಡ ವಿಮಾನಗಳಲ್ಲಿರುವ ಡಿಕ್ಕಿ ನಿವಾರಕ ಸಾಧನವು ಸಮೀಪದ ವಿಮಾನದ ಎತ್ತರವನ್ನು ಅರಿತು, ಒಂದಕ್ಕೆ ಏರಲೂ ಇನ್ನೊಂದಕ್ಕೆ ಇಳಿಯಲೂ ಹೇಳುತ್ತದೆ. ಆದರೆ ಎದುರಿನ ಪುಟ್ಟ ವಿಮಾನದಲ್ಲಿ ತನ್ನ ಎತ್ತರವನ್ನು ಸಾರುವ ಟ್ರಾನ್ಸ್‌ಪಾಂಡರ್ ಇಲ್ಲದಿದ್ದರೆ ಆ ಸಾಧನವು ಮಾರ್ಗ ತೋರಲಾರದು. ಆದಕಾರಣ ಕೇಳಿದ ಅಪ್ಪಣೆಯನ್ನು ಪೈಲಟ್ಟನು ಮರಳಿ ನುಡಿದು ಒಪ್ಪಿಸಬೇಕು, ತಪ್ಪಿದ್ದರೆ ನಿಯಂತ್ರಕನು ಒಡನೆ ತಿದ್ದಬೇಕು ಎಂಬ ಪದ್ಧತಿಯು ಇಂದಿಗೂ ನಡೆದುಬಂದಿದೆ. ಪಾಠ ಒಪ್ಪಿಸುವ ಹಳೆಯ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಗಗನದಲ್ಲಿ ಬಳಸುವ ನುಡಿ ಇಂಗ್ಲಿಷ್ ಆಗಿರಬಹುದು. ಆದರೆ ಕಂಡುದನ್ನು ಕಂಡಿತೆಂದೂ, ಕಾಣದುದನ್ನು ಕಾಣೆನೆಂದೂ, ಊಹಿಸಿದುದನ್ನು ಊಹೆಯೆಂದೂ ಹೇಳುವ ಶಿಸ್ತು ಬಾಲ್ಯದಲ್ಲಿ ತಾಯ್ನುಡಿಯ ತರಗತಿಯಲ್ಲಿಯೇ ಅಂಕುರಿಸಬೇಕು. ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿ ಏಳು ಶತಮಾನಗಳಿಗೂ ಮಿಗಿಲಾಯಿತು. ಕ್ರಿಯಾಪದದ ಕಾಲಭೇದವನ್ನು ಶುಷ್ಕವೆಂದು ತಿಳಿದು ಪುಟ ಮಗುಚುವ ಬಾಲಕರು ಇಂದಿಗೂ ಇದ್ದಾರೆ. ಪುತ್ತೂರು, ಸುಳ್ಯ, ಕಡಬಗಳ ಶಾಲೆಗಳಿಂದ ಹೊರಟ ಒಬ್ಬ ವಿದ್ಯಾರ್ಥಿಯು ನಾಳೆ ನಿಯಂತ್ರಣ ಗೋಪುರದಲ್ಲಿ ಕುಳಿತಾನು. ಆ ಬಾಲಕನ ಬಾಯಲ್ಲಿ ದಾಟಿತು, ದಾಟುತ್ತಿದೆ ಎಂಬೆರಡು ರೂಪಗಳು ಬೆರೆಯದಂತೆ ಇಂದು ತಿದ್ದುವ ಅಧ್ಯಾಪಕರ ಕೆಂಪು ಶಾಯಿಯು ವ್ಯರ್ಥವಾಗಲಾರದು.