ಸ್ಕ್ಯಾನಿನಲ್ಲಿ ಕಾಣದ ಅಪ್ಪ

ಪ್ರಶ್ನೆ: ಅಪ್ಪನಿಗೆ ಲಕ್ವ ಹೊಡೆದು ಕೆಲವು ತಿಂಗಳಾದವು. ಎಂದೂ ದನಿ ಎತ್ತಿದವರಲ್ಲ. ಈಗ ಚಹಾ ತಡವಾದರೂ ಬೈಯುತ್ತಾರೆ, ಮರುಗಳಿಗೆ ಅಳುತ್ತಾರೆ. ಡಾಕ್ಟರು ಸ್ಕ್ಯಾನ್ ತೋರಿಸಿ, ‘ಈ ಭಾಗಕ್ಕೆ ಪೆಟ್ಟಾಗಿದೆ, ಅದಕ್ಕೇ ಹೀಗೆ’ ಅಂದರು. ಹಾಗಾದರೆ ಅಪ್ಪನ ಪ್ರೀತಿ ಅಂದರೆ ಇಷ್ಟೇನಾ? ‘ನಾನು’ ಅನ್ನುವುದೂ ಬರೀ ನರಗಳ ಆಟವಾ? ರಾತ್ರಿಯೆಲ್ಲ ಇದೇ ಯೋಚನೆ.
– ಓದುಗರು, ಹುಮನಾಬಾದ್

ಉತ್ತರ: ಸತ್ತವರಿಗಾಗಿ ಅತ್ತರೆ ಊರೇ ಬಂದು ಸಮಾಧಾನ ಹೇಳುತ್ತದೆ. ಕಣ್ಣೆದುರೇ ಇರುವ ಅಪ್ಪನಿಗಾಗಿ ಅಳುವವರನ್ನು ಯಾರೂ ಕೇಳುವುದಿಲ್ಲ. ನಿಮ್ಮದು ಅಂಥ ದುಃಖ. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ನಿದ್ದೆಗೆಡಿಸುತ್ತಿರುವ ದೊಡ್ಡ ಪ್ರಶ್ನೆ ಆ ದುಃಖದಿಂದಲೇ ಹುಟ್ಟಿದೆ ಎಂದು ನನಗನಿಸುತ್ತದೆ.

ಆದರೂ ಪ್ರಶ್ನೆ ನಿಜವಾದದ್ದು. ಮಿದುಳಿನ ಯಾವ ಭಾಗಕ್ಕೆ ಪೆಟ್ಟಾದರೆ ಮಾತು ನಿಲ್ಲುತ್ತದೆ, ಎಲ್ಲಿ ಪೆಟ್ಟಾದರೆ ಸಿಟ್ಟು ಹಿಡಿತಕ್ಕೆ ಸಿಗುವುದಿಲ್ಲ ಎಂಬುದನ್ನು ವಿಜ್ಞಾನ ಸಾಕಷ್ಟು ಬಲ್ಲದು. ಮಿದುಳಿನ ನರಕೋಶಗಳ ಚಟುವಟಿಕೆಯಿಂದ ‘ನನಗೆ ಹೀಗನಿಸುತ್ತಿದೆ’ ಎಂಬ ಒಳಗಿನ ಅನುಭವ ಹೇಗೆ ಮೂಡುತ್ತದೆ ಎಂಬುದು ಮಾತ್ರ ಇನ್ನೂ ಬಿಡಿಸದ ಗಂಟು. 25 ವರ್ಷದೊಳಗೆ ಪ್ರಜ್ಞೆಯ ನರಮೂಲ ಸ್ಪಷ್ಟವಾಗುತ್ತದೆ ಎಂದು ನರವಿಜ್ಞಾನಿ ಕ್ರಿಸ್ಟಾಫ್ ಕಾಖ್ 1998ರಲ್ಲಿ ತತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಪಂಥ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿಕೊಂಡರು. ಇದರಿಂದ ಆತ್ಮ ಸಾಬೀತಾಯಿತು ಎಂದು ನಾನು ಹೇಳಲಾರೆ. ಮುಂದೆ ಉತ್ತರ ಸಿಗಲೂಬಹುದು. ಆದರೆ ‘ನಾವು ಬರೀ ಇಷ್ಟೇ’ ಎಂದು ತೀರ್ಪು ಕೊಡುವ ಹಕ್ಕು ಇವತ್ತು ಯಾರಿಗೂ ಇಲ್ಲ. ಈ ಪ್ರಶ್ನೆ ಹೊಸದೂ ಅಲ್ಲ. ನಿಮ್ಮ ಪಕ್ಕದ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಅಲ್ಲಮಪ್ರಭು ಮತ್ತು ಶರಣರು ಅರಿವೆಂದರೇನು ಎಂದು ತಮ್ಮೊಳಗೇ ಹುಡುಕಿದರು. ಸ್ಕ್ಯಾನ್ ಆದರೋ ಹೊರಗಿನಿಂದ ನೋಡುತ್ತದೆ. ಅದು ಹೇಳಿದ್ದನ್ನು ನಂಬಿ. ಹೇಳದೇ ಇದ್ದದ್ದನ್ನು ಅದರ ಬಾಯಲ್ಲಿ ಹೇಳಿಸಬೇಡಿ.

ಡಾಕ್ಟರ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಅಪ್ಪನ ಪ್ರೀತಿಗೆ ಬೆಲೆ ಇಲ್ಲ ಎಂದು ಅವರು ಹೇಳಿಲ್ಲ. ಈ ಸಿಟ್ಟಿಗೆ ಕಾರಣ ಗಾಯ, ನೀವಲ್ಲ, ಅಪ್ಪನ ಮನಸ್ಸೂ ಅಲ್ಲ ಎಂದಿದ್ದಾರೆ. ಪ್ರೀತಿಗೂ ನರಗಳು ಬೇಕಿರಬಹುದು. ಅಷ್ಟಕ್ಕೇ ಇಷ್ಟು ವರ್ಷ ಅವರು ನಿಮ್ಮನ್ನು ಸಾಕಿ ಸಲಹಿದ್ದು ಸುಳ್ಳಾಗುವುದಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಈ ಅಳು, ಸಿಟ್ಟಿನ ಬಗ್ಗೆ ಬಿಡಿಸಿ ಹೇಳಿ. ಲಕ್ವದ ನಂತರ ತಡೆಯಲಾಗದೆ ಅಳು ಬರುವುದುಂಟು, ಖಿನ್ನತೆಯೂ ಸಾಮಾನ್ಯ. ಎರಡಕ್ಕೂ ಚಿಕಿತ್ಸೆ ಇದೆ. ಅವರು ಬೈದಾಗ ವಾದಕ್ಕಿಳಿಯಬೇಡಿ. ಸ್ವಲ್ಪ ಹೊತ್ತು ಆಚೆ ಹೋಗಿ ಬಂದು, ಎದುರು ಕೂತು ಏನು ಬೇಕೆಂದು ಸಣ್ಣ ಸಣ್ಣ ಮಾತಿನಲ್ಲಿ ಕೇಳಿ. ಎಲ್ಲ ಆರೈಕೆ ನೀವೊಬ್ಬರೇ ಹೊರಬೇಡಿ, ವಾರಕ್ಕೊಂದು ದಿನವಾದರೂ ಅಣ್ಣತಮ್ಮಂದಿರೋ ಚಿಕ್ಕಪ್ಪನೋ ನೋಡಿಕೊಳ್ಳಲಿ. ಮಿದುಳಿನ ಬಗೆಗಿನ ವಿಡಿಯೊ ನೋಡುವ ಅಭ್ಯಾಸವಿದ್ದರೆ, ಮಲಗುವ ಹೊತ್ತಿಗೆ ಅವು ಬೇಡ. ಅವನ್ನು ಹಗಲು ನೋಡಿ, ಯಾರ ಜೊತೆಗಾದರೂ ಕೂತು ಮಾತಾಡಿ.

ನಿದ್ದೆ ಹೀಗೇ ಕೆಟ್ಟರೆ, ಬದುಕಿಗೆ ಅರ್ಥವಿಲ್ಲ ಎಂಬ ಯೋಚನೆ ಬಂದರೆ, ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.