ಅಂಗಡಿಯಿಂದ ಗೋದಾಮಿಗೆ ಅಂತರ್ಜಾಲ: ವಿದ್ಯುತ್ ತಂತಿ ಹಾಗೂ ವೈ-ಫೈ ಜೋಡಣೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಅನೇಕ ವ್ಯಾಪಾರಸ್ಥರ ಅಂಗಡಿ ರಸ್ತೆಯ ಕಡೆಗೂ, ಮನೆ ಅದರ ಬೆನ್ನಿಗೂ, ಗೋದಾಮು ಹಿತ್ತಲಿನಲ್ಲಿಯೂ ಇರುತ್ತವೆ. ರೌಟರ್ ಮಾತ್ರ ಗಲ್ಲಾದ ಬಳಿ. ರಾಜ್ಯದೊಳಗಿನ ಸಾಗಾಟಕ್ಕೂ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಗೆ ಬಂದ ಬಳಿಕ, ಸರಕು ಹೇರುವ ಸ್ಥಳದಲ್ಲಿ ಸಂಪರ್ಕ ಸಿಗದಿದ್ದರೆ ತುಂಬಿದ ಲಾರಿ ಅಲ್ಲಿಯೇ ನಿಲ್ಲಬೇಕಾಗುತ್ತದೆ. ಚಿರೆಕಲ್ಲಿನ ದಪ್ಪ ಗೋಡೆಗಳು ವೈ-ಫೈ ಸಂಕೇತವನ್ನು ಹೀರಿಕೊಳ್ಳುತ್ತವೆ. ಮಳೆಗಾಲದಲ್ಲಿ ನೆನೆದ ಗೋಡೆ ಇನ್ನೂ ಹೆಚ್ಚು.

ಇದಕ್ಕೆ ಸಾಮಾನ್ಯವಾಗಿ ಕೊಳ್ಳುವ ಸಾಧನ ಎಕ್ಸ್‌ಟೆಂಡರ್. ಅದನ್ನು ಸಂಕೇತವೇ ಇಲ್ಲದ ಗೋದಾಮಿನಲ್ಲಿ ಕೂರಿಸುವವರೇ ಹೆಚ್ಚು. ತನಗೆ ತಲುಪದ ಸಂಕೇತವನ್ನು ಅದು ಮುಂದಕ್ಕೆ ಕಳುಹಿಸುವುದಾದರೂ ಹೇಗೆ? ಅದರ ಸ್ಥಾನ ನಡುದಾರಿಯಲ್ಲಿ. ಅಲ್ಲಿಯೂ, ಒಂದೇ ರೇಡಿಯೊ ಉಳ್ಳ ಎಕ್ಸ್‌ಟೆಂಡರ್ ಕೇಳುವುದನ್ನೂ ಹೇಳುವುದನ್ನೂ ಸರದಿಯ ಮೇಲೆ ಮಾಡಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಒಂದರ ಹಿಂದೆ ಇನ್ನೊಂದನ್ನು ಪೋಣಿಸಿದರೆ ಅರ್ಧದಲ್ಲಿ ಅರ್ಧ.

ಗೋಡೆಯನ್ನು ದಾಟಲು ಈಗಾಗಲೇ ಇರುವ ದಾರಿ ವಿದ್ಯುತ್ ವೈರಿಂಗ್. ಪವರ್‌ಲೈನ್ ಅಡಾಪ್ಟರ್ ಎಂಬ ಜೋಡಿ ಸಾಧನವು 50 ಹರ್ಟ್ಸ್‌ನ ವಿದ್ಯುತ್ ಪ್ರವಾಹದ ಮೇಲೆಯೇ, ಸುಮಾರು 2ರಿಂದ 30 ಮೆಗಾಹರ್ಟ್ಸ್‌ನ ಸಂಕೇತವನ್ನು ಹೇರಿ ಕಳುಹಿಸುತ್ತದೆ. ಹೊಸ ಮಾದರಿಗಳು ಇದಕ್ಕಿಂತ ಮೇಲಿನ ಆವರ್ತನಗಳನ್ನೂ ಬಳಸುತ್ತವೆ. ಒಂದನ್ನು ರೌಟರಿಗೆ ಕೇಬಲ್‌ನಿಂದ ಜೋಡಿಸಿ ಹತ್ತಿರದ ಸಾಕೆಟ್‌ಗೆ, ಇನ್ನೊಂದನ್ನು ಗೋದಾಮಿನ ಸಾಕೆಟ್‌ಗೆ ಹಾಕಬೇಕು. ಎರಡನೆಯದರಿಂದ ಕೇಬಲ್ ತೆಗೆದು ವೈ-ಫೈ ಪೆಟ್ಟಿಗೆಗೆ ಕೊಟ್ಟರೆ ಜೋಡಣೆ ಪೂರ್ಣವಾಗುತ್ತದೆ. ಕೇಬಲ್ ಕಿಂಡಿಯುಳ್ಳ ಎಕ್ಸ್‌ಟೆಂಡರ್ ಈಗಾಗಲೇ ಇದ್ದರೆ ಅದೇ ಸಾಕು. ಆದರೆ ಅದನ್ನು 'ಆಕ್ಸೆಸ್ ಪಾಯಿಂಟ್' ವಿಧಾನಕ್ಕೆ ಬದಲಿಸಬೇಕು. ಆಗ ಅರ್ಧ ವೇಗದ ನಷ್ಟವಿಲ್ಲ. ಎರಡೂ ಕಡೆ ಹೆಸರು ಹಾಗೂ ಗುಪ್ತಪದ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ: ಒಂದು ಕಡೆ 1 ಇದ್ದರೆ ಇನ್ನೊಂದು ಕಡೆ 6 ಅಥವಾ 11.

ಪೆಟ್ಟಿಗೆಯ ಮೇಲೆ ಮುದ್ರಿಸಿದ 600 ಅಥವಾ 1000 ಎಂಬ ಅಂಕೆಗಳನ್ನು ನಂಬಿ ಕೊಳ್ಳಬಾರದು. ಕೈಗೆ ಸಿಗುವುದು ಅದರ ಒಂದಂಶ ಮಾತ್ರ. ಬಿಲ್ಲಿಂಗ್ ಹಾಗೂ ಯುಪಿಐ ವ್ಯವಹಾರಕ್ಕೆ ಅಷ್ಟು ಸಾಕಾಗುತ್ತದೆ. ಅಡಾಪ್ಟರ್ ನೇರವಾಗಿ ಗೋಡೆಯ ಸಾಕೆಟ್‌ನಲ್ಲಿಯೇ ಇರಬೇಕು. ಸರ್ಜ್ ರಕ್ಷಣೆಯ ಎಕ್ಸ್‌ಟೆನ್ಷನ್ ಬೋರ್ಡ್ ಹಾಗೂ ಯುಪಿಎಸ್ ಈ ಸಂಕೇತವನ್ನು ಕೊಳೆಯೆಂದೇ ತಿಳಿದು ಸೋಸಿಬಿಡುತ್ತವೆ. ಜೋಡಿಸುವ ಗುಂಡಿಯನ್ನು ಒತ್ತಿ ಸ್ವಂತ ಗುಪ್ತಕೀಲಿಯನ್ನು ಹಾಕಿಕೊಳ್ಳುವುದನ್ನು ಮರೆಯಬಾರದು, ಏಕೆಂದರೆ ಸಂಕೇತ ಪಕ್ಕದ ಕಟ್ಟಡದ ವೈರಿಂಗ್‌ಗೂ ಸೋರಬಲ್ಲದು.

ನಮ್ಮ ಕಟ್ಟಡಗಳಲ್ಲಿ ಈ ಉಪಾಯ ಸೋಲುವುದು ಹೆಚ್ಚಾಗಿ ಮೀಟರ್ ಬಳಿ. ಅಂಗಡಿಗೆ ವಾಣಿಜ್ಯ ದರದ ಮೀಟರ್, ಮನೆಗೆ ಗೃಹಬಳಕೆಯ ಮೀಟರ್ ಪ್ರತ್ಯೇಕವಾಗಿದ್ದರೆ ಸಂಕೇತ ಎರಡನ್ನೂ ಹಾಯ್ದು ಹೋಗಬೇಕಾಗಿ ಬಹಳ ಕ್ಷೀಣಿಸುತ್ತದೆ. ಮೂರು ಫೇಸ್ ಇರುವಲ್ಲಿ ಎರಡು ಸಾಕೆಟ್‌ಗಳು ಬೇರೆ ಬೇರೆ ಫೇಸಿನಲ್ಲಿದ್ದರೂ ಇದೇ ತೊಂದರೆ. ಅಂತರ್ಜಾಲಕ್ಕಾಗಿ ಎರಡು ಮೀಟರ್‌ಗಳ ತಂತಿಯನ್ನು ಸೇರಿಸಲು ಯಾರಾದರೂ ಸಲಹೆ ಕೊಟ್ಟರೆ ಖಂಡಿತ ಒಪ್ಪಬಾರದು. ಅದು ಜೀವಕ್ಕೆ ಅಪಾಯ, ಕಾನೂನಿಗೂ ವಿರುದ್ಧ.

ಇನ್ನು ಕರೆಂಟ್ ಹೋದಾಗಿನ ಮಾತು. ಜೋಯಿಡಾ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿಯುವುದು ಹೊಸತಲ್ಲ. ರೌಟರ್ ಒಂದೇ ಇನ್ವರ್ಟರ್ ಮೇಲಿದ್ದು ಗೋದಾಮಿನ ಸಾಕೆಟ್ ಸಾದಾ ಲೈನಿನಲ್ಲಿದ್ದರೆ, ಅಂಗಡಿಯಲ್ಲಿ ಸಂಪರ್ಕ ಇದ್ದರೂ ಗೋದಾಮಿನಲ್ಲಿ ಇರುವುದಿಲ್ಲ. ಎರಡೂ ಅಡಾಪ್ಟರ್ ಹಾಗೂ ವೈ-ಫೈ ಪೆಟ್ಟಿಗೆ ಒಂದೇ ಇನ್ವರ್ಟರ್ ಲೈನಿನಲ್ಲಿರಬೇಕು. ಅಗ್ಗದ ಚೌಕ-ತರಂಗದ ಇನ್ವರ್ಟರ್ ತಾನೇ ಗದ್ದಲ ಎಬ್ಬಿಸಿ ವೇಗವನ್ನು ಕುಗ್ಗಿಸಬಹುದು. ಆದುದರಿಂದ ಜೋಡಿಯನ್ನು ಹಿಂತಿರುಗಿಸುವ ಕರಾರಿನ ಮೇಲೆ ತಂದು, ಮೋಟಾರು ಓಡುತ್ತಿರುವಾಗ ಒಮ್ಮೆ, ಮೇನ್ ಸ್ವಿಚ್ ಆರಿಸಿ ಇನ್ವರ್ಟರ್ ಮೇಲೆ ಇನ್ನೊಮ್ಮೆ ಪರೀಕ್ಷಿಸಿಯೇ ಹಣ ಕೊಡುವುದು ಲೇಸು.

ಎರಡೂ ಪರೀಕ್ಷೆಗಳಲ್ಲಿ ಸೋತರೆ ಪವರ್‌ಲೈನ್ ಬಿಟ್ಟು ನೆಟ್‌ವರ್ಕ್ ಕೇಬಲ್ ಎಳೆಸುವುದೇ ಮಿತವ್ಯಯ. ಅದು 100 ಮೀಟರ್‌ವರೆಗೆ ನಡೆಯುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಬಯಲಿನಲ್ಲಿ ಹಾಯುವುದಿದ್ದರೆ ತಾಮ್ರದ ಬದಲು, ಲೋಹದ ಎಳೆಯಿಲ್ಲದ ಆಪ್ಟಿಕಲ್ ಫೈಬರ್ ಎಳೆಸಬೇಕು. ಸಿಡಿಲಿನ ಆಘಾತವನ್ನು ಅದು ಒಂದು ಕಟ್ಟಡದಿಂದ ಮತ್ತೊಂದಕ್ಕೆ ಒಯ್ಯುವುದಿಲ್ಲ.