ತುಂಬಿದ ಕೊಡದ ಪಾಠ ಹಟ್ಟಿನೀರಿನ ಡ್ರಮ್ಮಿಗೂ

ಹಟ್ಟಿ ಒಂದು ಕಡೆ, ತೋಟ ಇನ್ನೊಂದು ಕಡೆ. ಮಂಗಳೂರಿನ ಅಂಚಿನಲ್ಲಿ ಕೃಷಿ ಮಾಡುವ ನಮ್ಮಂಥ ಹಲವರ ಪಾಡು ಇದು. ನಮ್ಮ ಹಟ್ಟಿ ಕುಲಶೇಖರದ ಬದಿಯಲ್ಲಿ, ಅಡಿಕೆ-ತೆಂಗು ನೀರುಮಾರ್ಗದಲ್ಲಿ. ನಾಲ್ಕು ಹಸುಗಳ ಸಗಣಿಯನ್ನು ಬುಟ್ಟಿಯಲ್ಲಾದರೂ ಒಯ್ಯಬಹುದು. ಹಟ್ಟಿ ತೊಳೆದ ನೀರು ಏನು ಮಾಡುವುದು? ಚರಂಡಿಗೆ ಬಿಟ್ಟರೆ ನೆರೆಯವರ ಬಾವಿಗೆ ಕುತ್ತು. ನಮ್ಮದು ಮುರಕಲ್ಲಿನ ನೆಲ, ಮೇಲೆ ಬಿಟ್ಟದ್ದು ಬೇಗ ಕೆಳಗಿಳಿಯುತ್ತದೆ. ಹಾಗಾಗಿ ತೋಟಕ್ಕೆ ಸಾಗಿಸಿಯೇ ಆಗಬೇಕು. ಗಂಜಳದಲ್ಲಿರುವ ಸಾರಜನಕ ಅಡಿಕೆ ಬುಡಕ್ಕೆ ಸಿಕ್ಕಿದರೆ ಅದೇ ಲಾಭ.

ಸಾಗಿಸುವುದರಲ್ಲಿ ಏನು ಮಹಾ ಎಂದುಕೊಂಡಿದ್ದೆ. ಪಾಠ ಕಲಿತದ್ದು ಇನ್ನೊಬ್ಬನ ಕಾಲಿನ ಖರ್ಚಿನಲ್ಲಿ.

ಮೊದಲ ವರ್ಷ 200 ಲೀಟರಿನ ಡ್ರಮ್ಮನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿ ಒಯ್ಯುತ್ತಿದ್ದೆವು. ಒಂದು ದಿನ ಸಹಾಯಕ್ಕೆ ಬರುವ ಹುಡುಗ, "ಅಣ್ಣ, ಪೂರ್ತಿ ತುಂಬಿಸುವುದಾ?" ಅಂತ ಕೇಳಿದ. "ಬೇಡ ಮಾರಾಯ, ಅರ್ಧ ಸಾಕು, ಭಾರ ಕಡಿಮೆ" ಅಂದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಾಕಿದ್ದೇ ತಡ, ಒಳಗಿನ ನೀರು ಒಂದೇ ಬದಿಗೆ ನುಗ್ಗಿತು. ಹಗ್ಗ ಜಾರಿತು. ಡ್ರಮ್ಮು ಮಗುಚಿ, ಪಕ್ಕದಲ್ಲಿ ಕೂತಿದ್ದ ಅವನ ಪಾದದ ಮೇಲೆ ಬಿತ್ತು. ಎರಡು ಬೆರಳು ಮುರಿದವು. ಎರಡು ತಿಂಗಳು ಮನೆಯಲ್ಲೇ. ಆಸ್ಪತ್ರೆ ಖರ್ಚು, ಕೂಲಿ ಎರಡೂ ಕೊಟ್ಟೆ. ಆದರೂ ಅವನು ಇಂದಿಗೂ ಏರು ಹತ್ತುವಾಗ ನೋಡಿ ನೋಡಿ ಹೆಜ್ಜೆ ಇಡುತ್ತಾನೆ. ತಪ್ಪು ಹಗ್ಗದ್ದಲ್ಲ, ನನ್ನ ಲೆಕ್ಕದ್ದು.

ಅರ್ಧ ಯಾಕೆ ಅಪಾಯ?

ತುಂಬಿದ ಕೊಡ ತುಳುಕುವುದಿಲ್ಲ ಅಂತ ಹಿರಿಯರು ಹೇಳಿದ್ದು ಡ್ರಮ್ಮಿಗೂ ಸರಿಯೇ. ತುಂಬಿದ ಡ್ರಮ್ಮಿನಲ್ಲಿ ನೀರಿಗೆ ಓಡಾಡಲು ಜಾಗ ಇಲ್ಲ. ಅರ್ಧ ಇದ್ದರೆ ಬ್ರೇಕಿಗೆ ಮುಂದೆ, ಏರಿಗೆ ಹಿಂದೆ, ತಿರುವಿಗೆ ಬದಿಗೆ ಓಡುತ್ತದೆ. ಭಾರ ಒಂದೇ ಕಡೆ ಬೀಳುತ್ತದೆ. ದೊಡ್ಡ ಟ್ಯಾಂಕರುಗಳ ಒಳಗೆ ತೂತಿರುವ ಅಡ್ಡ ತಗಡು ಕೂರಿಸುವುದು ಈ ಓಟ ತಡೆಯಲಿಕ್ಕೇ.

ಇನ್ನೊಂದು ಲೆಕ್ಕ. ಒಂದು ಲೀಟರು ನೀರು ಅಂದರೆ ಒಂದು ಕಿಲೋ. ಸಗಣಿ ಸೇರಿದ ನೀರು ಅದಕ್ಕಿಂತ ತುಸು ಹೆಚ್ಚೇ. ತುಂಬಿದ ಡ್ರಮ್ಮು ಎರಡು ಕ್ವಿಂಟಾಲ್ ಮೀರುತ್ತದೆ. ಇಬ್ಬರು ಎತ್ತುವ ವಸ್ತುವಲ್ಲ ಅದು.

ಈಗ ನಮ್ಮ ಕ್ರಮ

ಡ್ರಮ್ಮು ಬಿಟ್ಟೆವು. ಈಗ 35 ಲೀಟರಿನ ಎಂಟು ಕ್ಯಾನು. ಒಂದೊಂದನ್ನೂ ಇಬ್ಬರು ಹಿಡಿದು ಎತ್ತಿಡಬಹುದು. ಕುತ್ತಿಗೆಯ ಕೆಳಗಿನವರೆಗೆ ತುಂಬಿಸುತ್ತೇವೆ. ಕೊನೆಯ ಕ್ಯಾನು ಅರ್ಧವೇ ಆದರೆ ಅದನ್ನು ಒಯ್ಯುವುದಿಲ್ಲ, ನಾಳೆಗೆ ಬಾಕಿ.

ಮೊದಲ ಉಪಾಯ, ಹೊರೆಯನ್ನೇ ಕಡಿಮೆ ಮಾಡುವುದು. ಸಗಣಿಯನ್ನು ಪೂರಾ ಬಾಚಿ ತೆಗೆದು ಆಮೇಲೆ ತೊಳೆದರೆ ನೀರು ಅರ್ಧಕ್ಕರ್ಧ ಉಳಿಯಿತು. ತುಂಬಿಸುವಾಗ ಬಾಯಿಗೆ ಹಳೆ ಬಲೆ ಕಟ್ಟಿ ಸೋಸಿ. ಹುಲ್ಲಿನ ಕಡ್ಡಿ ಸೇರಿದರೆ ತೋಟದಲ್ಲಿ ಪೈಪು ಕಟ್ಟುತ್ತದೆ.

ಕ್ಯಾನುಗಳನ್ನು ಗಾಡಿಯ ತಳಕ್ಕೆ ತಾಗಿಸಿ, ಒಂದಕ್ಕೊಂದು ಒತ್ತಿ ಇಡಿ. ಒಂದರ ಮೇಲೊಂದು ಬೇಡ. ಸಂದಿಗೆ ಗೋಣಿ ತುರುಕಿ. ಜೀಪಿಗೆ ಟ್ರೈಲರ್ ಕಟ್ಟುವವರು ಭಾರವನ್ನು ಚಕ್ರದ ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಇಡಬೇಕು. ಹಿಂದೆ ಭಾರವಾದರೆ ಕೊಂಡಿ ಮೇಲೆದ್ದು ಟ್ರೈಲರ್ ಬಾಲದಂತೆ ಅಲ್ಲಾಡುತ್ತದೆ. ಕ್ಯಾನಿನ ಪಕ್ಕ ಜನ ಕೂರಲೇಬಾರದು. ಇದು ನಮ್ಮಲ್ಲಿ ಈಗ ಖಡಾಖಂಡಿತ.

ವಿದೇಶಗಳಲ್ಲಿ ಕಾರಿನ ಹಿಂದೆ ಟ್ರೈಲರ್ ಮನೆ ಕಟ್ಟಿಕೊಂಡು ಪ್ರವಾಸ ಹೋಗುವವರಿದ್ದಾರೆ. ಬಚ್ಚಲು, ಶೌಚದ ನೀರಿಗೆ ಅವರ ಹತ್ತಿರ ಚಕ್ರವಿರುವ ಸಣ್ಣ ಟ್ಯಾಂಕು ಇರುತ್ತದೆ. ತುಂಬಿದ ಟ್ಯಾಂಕನ್ನು ಬಿಡಾರದಿಂದ ಸುರಿಯುವ ಜಾಗಕ್ಕೆ ಮಾತ್ರ, ನಡಿಗೆಯ ವೇಗದಲ್ಲಿ ಎಳೆಯುತ್ತಾರೆ. ದೂರದ ದಾರಿಗೆ ತೊಳೆದು, ಖಾಲಿ ಮಾಡಿ ಕಟ್ಟಿಕೊಳ್ಳುತ್ತಾರೆ. ನಾವೂ ತೋಟದೊಳಗೆ ಎರಡು ಕ್ಯಾನು ಹಿಡಿಯುವ ಕೈಗಾಡಿ ಮಾಡಿಕೊಂಡೆವು. ಹೆಗಲಿಗೆ ವಿಶ್ರಾಂತಿ.

ಮುಚ್ಚಳ ಬಿಗಿಯಾದರೆ?

ದಾರಿಯಲ್ಲಿ ಮುಚ್ಚಳ ಬಿಗಿ ಇರಬೇಕು. ತಲಪಿದ ಕೂಡಲೇ ಸಡಿಲಿಸಬೇಕು. ಒಮ್ಮೆ ಮರೆತು ಎರಡು ದಿನ ಬಿಸಿಲಿಗೆ ಬಿಟ್ಟಿದ್ದೆ. ಕ್ಯಾನು ಹಲಸಿನ ಹಣ್ಣಿನ ಹಾಗೆ ಉಬ್ಬಿತ್ತು. ತಿರುಗಿಸಿದ್ದೇ ಮುಚ್ಚಳ ಹಾರಿತು, ಮುಖ ಮೈಗೆಲ್ಲ ಅಭಿಷೇಕ. ಒಳಗೆ ಕೊಳೆತು ಗ್ಯಾಸು ಕಟ್ಟಿದ್ದೇ ಕಾರಣ. ಉಬ್ಬಿದ ಕ್ಯಾನಿನ ಮೇಲೆ ಬಗ್ಗಬೇಡಿ. ಒದ್ದೆ ಗೋಣಿ ಹೊದೆಸಿ, ಮುಖ ದೂರ ಇಟ್ಟು, ಸ್ವಲ್ಪಸ್ವಲ್ಪವೇ ಸಡಿಲಿಸಿ.

ಹಾಗಂತ ಬಾಯಿ ತೆರೆದಿಟ್ಟರೆ ಅಮೋನಿಯಾ ಆಗಿ ಸಾರಜನಕ ಹಾರಿಹೋಗುತ್ತದೆ. ನೆರಳಿನಲ್ಲಿಟ್ಟು, ಮುಚ್ಚಳ ಸಡಿಲ ಮಾಡಿ, ಎರಡು ದಿನದೊಳಗೆ ಉಪಯೋಗಿಸುವುದೇ ಒಳ್ಳೆಯದು. ನಾವು ಅಷ್ಟೇ ನೀರು ಬೆರೆಸಿ, ಬುಡಕ್ಕೆ ತಾಗದಂತೆ ಪಾತಿಯ ಸುತ್ತ ಹೊಯ್ಯುತ್ತೇವೆ. ಜಡಿಮಳೆಯಲ್ಲಿ ಮಾತ್ರ ಬೇಡ. ಎಲ್ಲ ತೊಳೆದು ತೋಡು ಸೇರುತ್ತದೆ, ತೋಡಿನಿಂದ ಗುರುಪುರ ಹೊಳೆಗೋ ನೇತ್ರಾವತಿಗೋ. ಮಳೆಗಾಲದಲ್ಲಿ ಹಟ್ಟಿಗೆ ಸೊಪ್ಪು, ತರಗೆಲೆ ದಪ್ಪಗೆ ಹಾಸಿ. ಗಂಜಳ ಅದರಲ್ಲೇ ಇಂಗಿ ಗೊಬ್ಬರವಾಗುತ್ತದೆ.

ಗುಂಡಿಗೆ ಇಳಿಯಬೇಡಿ

ಇದು ಜೀವದ ಪ್ರಶ್ನೆ. ಸ್ಲರಿ ಗುಂಡಿ ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಮೇಲೆ ಬರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ. "ವಾಸನೆ ಹೋಯ್ತಲ್ಲ, ಇಳಿಯಬಹುದು" ಎಂದುಕೊಂಡರೆ ಅದೇ ಕೊನೆ. ಒಬ್ಬ ಬಿದ್ದರೆ ಅವನ ಹಿಂದೆ ಇನ್ನೊಬ್ಬ ಹಾರಬಾರದು. 101ಕ್ಕೆ ಫೋನು ಮಾಡಿ.

ಮನೆಯ ಶೌಚದ ಗುಂಡಿಯ ನೀರನ್ನು ಈ ಕ್ಯಾನುಗಳಿಗೆ ಸೇರಿಸಲೇಬೇಡಿ. ಅದರಲ್ಲಿ ರೋಗಾಣು, ಹುಳದ ಮೊಟ್ಟೆ ಇರುತ್ತವೆ. ಅದು ಹೀರುವ ಯಂತ್ರದ ಗಾಡಿಯ ಕೆಲಸ. ರಕ್ಷಣೆಯ ಸಲಕರಣೆ ಇಲ್ಲದೆ ಆ ಗುಂಡಿಗೆ ಜನ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ.

ಖಾಲಿ ಕ್ಯಾನಿನ ಜೋಪಾನ

ಕೊನೆಯ ಸುತ್ತು ಮುಗಿದ ಕೂಡಲೇ ತೋಟದಲ್ಲೇ ಮೂರು ಸಲ ತೊಳೆಯಿರಿ. ಒಳಗೆ ಒಂದು ಹಿಡಿ ಮರಳು, ನೀರು ಹಾಕಿ ಕುಲುಕಿದರೆ ಅಂಟಿದ್ದು ಬಿಡುತ್ತದೆ. ಆ ನೀರೂ ಬುಡಕ್ಕೇ. ಆಮೇಲೆ ಮುಚ್ಚಳ ತೆಗೆದು ನೆರಳಿನಲ್ಲಿ ಕವುಚಿ ಹಾಕಿ. ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಕ್ರಮೇಣ ಬಿರುಕು ಬಿಡುತ್ತದೆ. ಮಳೆಗೆ ಬಾಯಿ ಮೇಲಾಗಿ ಬಿಟ್ಟರೆ ಸೊಳ್ಳೆ ಸಾಕಿದಂತೆ. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಹರಡಿದ್ದು ನೆನಪಿರಲಿ.

ಗುಜರಿಯಲ್ಲಿ ಹಳೆ ಕ್ಯಾನು ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತು ಎಂದು ಕೇಳಿ. ಆಸಿಡು, ಕೀಟನಾಶಕದ್ದು ಅಗ್ಗಕ್ಕೆ ಸಿಕ್ಕಿದರೂ ಬೇಡ. ಕ್ಯಾನಿನ ಹೊಟ್ಟೆಗೆ ಕೆಂಪು ಪಟ್ಟಿ ಬಳಿಯಿರಿ. ಕುಡಿಯುವ ನೀರಿಗೆ ಯಾರೂ ತಪ್ಪಿ ಒಯ್ಯಬಾರದು.

ನೆರೆಮನೆಯ ಅಕ್ಕ ಮೊದಲು ತಮಾಷೆ ಮಾಡುತ್ತಿದ್ದರು: "ನಿಮ್ಮ ವಾಸನೆ ಬಂದರೆ ಗಂಟೆ ಏಳಾಯ್ತು ಅಂತ ಲೆಕ್ಕ." ಮೊನ್ನೆ ಅವರೇ, "ಬಸಳೆಗೆ ಒಂದು ಕ್ಯಾನು ಕೊಡ್ತೀರಾ?" ಅಂದರು. ಕೊಟ್ಟೆ. ಹುಡುಗ ಹೊತ್ತುಕೊಂಡು ಹೋಗುವಾಗ ತಿರುಗಿ ಕೇಳಿದ, "ಅಣ್ಣ, ಪೂರ್ತಿ ತುಂಬಿಸಿದ್ದು ಅಲ್ವಾ?"